ಎಂಜಲು ಬೇಡುವ ಬಾಯಿ

"ಬೇರೆ ಯಾವ ಚಿತ್ರಕ್ಕಾದರೂ ಮಾಡ್ಕೋ. ಈ ಹೆಂಗಸಿಗೆ ಮಾತ್ರ ಎಂಜಲು ತಾಗಿಸಬೇಡ."

ದೊಡ್ಡ ಮೇಡಂ ಇದನ್ನು ದನಿ ಏರಿಸಿ ಹೇಳಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ, ಹೋಗುವಾಗ ಬಾಗಿಲು ಎಳೆದುಕೊಂಡು ಹೋಗು ಎನ್ನುವಷ್ಟೇ ಸಲೀಸಾಗಿ ಹೇಳಿದರು. ಅದಕ್ಕೇ ಗಿಣಿಗೆ ನಗು ಬಂತು.

"ದೆವ್ವಕ್ಕೂ ಎಂಜಲು ಅಂದ್ರೆ ಹೇಸಿಗೇನಾ ಮೇಡಂ?"

"ಹೇಸಿಗೆ ಅಲ್ಲ ಕಣೇ." ಅವರು ಕನ್ನಡಕ ಏರಿಸಿಕೊಂಡರು. "ಹಸಿವು."

ಆ ದಿನ ಸಂಗ್ರಹಾಲಯಕ್ಕೆ ವಾರದ ರಜೆ. ರಾಜಧಾನಿಯ ನಟ್ಟನಡುವೆ, ದೇಶದ ಚಿತ್ರ, ಶಿಲ್ಪ, ನೆಯ್ಗೆಗಳನ್ನೆಲ್ಲ ಬೇರೆಬೇರೆ ಕಟ್ಟಡಗಳಲ್ಲಿ ತುಂಬಿ, ಗಾಜಿನ ಓಣಿಗಳಿಂದ ಒಂದಕ್ಕೊಂದು ಹೊಲಿದಂತಿದ್ದ ಆವರಣ ಅದು. ಜನ ಇರುವ ದಿನ ಅಲ್ಲಿ ಬೂಟಿನ ಸದ್ದು, ಮಕ್ಕಳ ರಗಳೆ, 'ಮುಟ್ಟಬೇಡಿ, ಮುಟ್ಟಬೇಡಿ' ಎನ್ನುವ ಕಾವಲುಗಾರರ ಗೊಣಗು. ರಜೆಯ ದಿನ ಏನೂ ಇಲ್ಲ. ಬೆಳಕು ಬಣ್ಣವನ್ನು ತಿನ್ನುತ್ತದೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ. ದೀಪಗಳು ಕೂಡ ಯಾರಾದರೂ ಕಾಲಿಟ್ಟರೆ ಮಾತ್ರ ಹೊತ್ತಿಕೊಳ್ಳುತ್ತಿದ್ದವು. ಅವರು ದಾಟಿ ಹೋದರೆ, ಅಥವಾ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ, ತಾವಾಗಿಯೇ ಆರಿಬಿಡುತ್ತಿದ್ದವು. ಹೊರಗೆ ಕಣ್ಣು ಚುಚ್ಚುವ ಬಿಸಿಲು. ಒಳಗೆ ನಡೆಯುವವರ ಸುತ್ತ ಒಂದು ಬೊಗಸೆ ಬೆಳಕು, ಅದರಾಚೆ ಕತ್ತಲೆ. ಮೇಣ, ಹಳೆಯ ಎಣ್ಣೆ, ಎಂದೂ ಬಿಸಿಲು ಕಾಣದ ಬಟ್ಟೆ, ಇವೆಲ್ಲ ಸೇರಿದ ಒಂದು ತಣ್ಣನೆಯ ವಾಸನೆ.

ಗಿಣಿ ಅಲ್ಲಿಗೆ ಹೊಸಬಳು. ಹಳೆಯ ಚಿತ್ರಗಳ ಕೊಳೆ ತೆಗೆದು ಬಿರುಕು ಮುಚ್ಚುವ ಕೆಲಸ ಕಲಿತು ಬಂದಿದ್ದಳು. ಗಿಣಿ ಎನ್ನುವುದು ಮನೆಯ ಹೆಸರು. ಮಾತು ಬಂದ ದಿನದಿಂದ ಬಾಯಿ ಮುಚ್ಚಿದವಳಲ್ಲವೆಂದು ಅಮ್ಮ ಇಟ್ಟದ್ದು. ಬಂದ ಕೆಲವೇ ದಿನಗಳಲ್ಲಿ ಇಲ್ಲಿಯವರೂ ಅದನ್ನೇ ಹಿಡಿದುಕೊಂಡಿದ್ದರು.

ಅವಳ ಕಸುಬಿನವರಿಗೆಲ್ಲ ಗೊತ್ತಿರುವ, ಹೊರಗಿನವರು ಕೇಳಿದರೆ ಮೂಗು ಮುರಿಯುವ ವಿಷಯವೊಂದಿದೆ. ಚಿತ್ರದ ಮೇಲಿನ ಹಳೆಯ ಜಿಡ್ಡು, ಹೊಗೆಯ ಮಸಿ ಬಿಡಿಸಲು ಮನುಷ್ಯನ ಉಗುಳಿನಂಥ ಮದ್ದು ಇನ್ನೊಂದಿಲ್ಲ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಬಣ್ಣದ ಮೇಲೆ ಮೆಲ್ಲಗೆ ಉರುಳಿಸಿದರೆ ಸಾಕು, ಕೊಳೆ ಹತ್ತಿಗೆ ಬಂದುಬಿಡುತ್ತದೆ. ಬಣ್ಣಕ್ಕೆ ನೋವಾಗುವುದಿಲ್ಲ. ಗಿಣಿಗಂತೂ ಅದು ಉಸಿರಾಟದಂತೆ ಅಭ್ಯಾಸವಾಗಿ ಹೋಗಿತ್ತು. ಕಡ್ಡಿ ಕೈಗೆ ಬಂದರೆ ನಾಲಿಗೆ ತಾನಾಗಿ ಹೊರಗೆ ಬರುತ್ತಿತ್ತು.

"ಇದಕ್ಕೆ ಬಾಟಲಿ ದ್ರವ ಮಾತ್ರ," ಎಂದು ದೊಡ್ಡ ಮೇಡಂ ನೀಲಿ ಮುಚ್ಚಳದ ಬಾಟಲಿಯನ್ನು ಮೇಜಿನ ಮೇಲೆ ಕುಟ್ಟಿ ಇಟ್ಟರು. "ಇದನ್ನು ಬರೆದವನನ್ನು ಬಿಟ್ಟು ಅವನ ಹೆಂಡತಿ ಹೊರಟಿದ್ದಳಂತೆ. ಇವಳೇ. ಹೋದರೆ ಹೋಗು, ನಿನ್ನ ದನಿ ಮಾತ್ರ ನನ್ನ ಮನೆ ದಾಟಬಾರದು ಅಂತ, ಅವಳು ಕುಡಿದು ಬಿಟ್ಟ ಎಂಜಲು ನೀರನ್ನ ಮಾಟಗಾರನ ಕೈಗೆ ಕೊಟ್ಟ. ಅವನು ಮಂತ್ರಿಸಿ ಕೊಟ್ಟಿದ್ದನ್ನ ಈ ತುಟಿಯ ಬಣ್ಣಕ್ಕೆ ಕಲಸಿದ. ಅವಳು ಮನೆಯೇನೋ ಬಿಟ್ಟಳು. ಆದರೆ ಹೊಸಿಲು ದಾಟಿದ ಮೇಲೆ ಒಂದು ಮಾತೂ ಆಡಲಿಲ್ಲ, ಸಾಯೋವರೆಗೂ."

"ಹಾಗಿದ್ರೆ ಸುಟ್ಟುಬಿಡಬಹುದಲ್ಲ?"

"ದೇಶದ ಸ್ವತ್ತು ಕಣಮ್ಮ. ದೆವ್ವ ಇದೆ, ಸುಡೋಕೆ ಅಪ್ಪಣೆ ಕೊಡಿ ಅಂತ ಸರ್ಕಾರಕ್ಕೆ ಬರೆಯೋಕಾಗುತ್ತಾ?"

ಎದುರಿನ ಬೆಂಚಿನ ಮೇಲೆ, ಮಡಿಲಲ್ಲಿ ಬಿಳಿ ಕೋಲು ಇಟ್ಟುಕೊಂಡು ಕೂತಿದ್ದ ಗಿಣಿಯ ಅಮ್ಮ ತಲೆ ಎತ್ತಿದಳು. "ಅವರು ಹೇಳಿದ ಹಾಗೆ ಕೇಳೇ. ದೊಡ್ಡವರ ಹತ್ರ ಏನು ಕುಚೇಷ್ಟೆ?"

"ಆಯ್ತು ಮಾರಾಯ್ತಿ, ಬಾಯಿಗೆ ಬೀಗ ಹಾಕ್ಕೋತೀನಿ," ಎಂದಳು ಗಿಣಿ.

ದೊಡ್ಡ ಮೇಡಂ ನಗಲಿಲ್ಲ. ಶಿಲ್ಪಗಳ ಕಟ್ಟಡದಲ್ಲಿ ಸಭೆಯಿದೆಯೆಂದು ಹೊರಟರು. ಅವರ ಚಪ್ಪಲಿಯ ಸದ್ದಿನ ಹಿಂದೆಯೇ ಓಣಿಯ ದೀಪಗಳು ಒಂದೊಂದಾಗಿ ಆರಿಹೋದವು.

ಅಮ್ಮ ಒಂದು ಕಾಲದಲ್ಲಿ ಶಾಲೆಯ ಡ್ರಾಯಿಂಗ್ ಟೀಚರ್. ಮೊದಲು ಅಂಚು ಮಸುಕಾಗಿ, ಆಮೇಲೆ ಬಣ್ಣಗಳು ಒಂದಕ್ಕೊಂದು ಕಲಸಿಕೊಂಡು, ಕಡೆಗೆ ಅವಳ ಎರಡು ಕಣ್ಣೂ ಪೂರ್ತಿ ಹೋಗಿದ್ದವು. ಅಂದಿನಿಂದ ಗಿಣಿಯ ದನಿಯೇ ಅವಳ ಕಣ್ಣು. ಬಸ್ಸಿನ ಕಿಟಕಿಯಾಚೆ ಏನಿದೆ, ಎದುರುಮನೆಯವರು ಯಾವ ಬಣ್ಣದ ಪರದೆ ಹಾಕಿದ್ದಾರೆ, ತಟ್ಟೆಯಲ್ಲಿ ಯಾವುದು ಎಲ್ಲಿದೆ, ಎಲ್ಲ ಗಿಣಿ ಹೇಳಬೇಕು. ಅವಳು ಎಲ್ಲಾದರೂ ನಿಲ್ಲಿಸಿದರೆ ಅಮ್ಮ ಕತ್ತು ಮುಂದೆ ಚಾಚಿ "ಆಮೇಲೆ?" ಎನ್ನುವಳು. ಗಿಣಿ ಸಿಟ್ಟಾಗಿ ಒಂದು ಗಳಿಗೆ ಸುಮ್ಮನಾದರೂ ಸಾಕು, ಅಮ್ಮನ ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕತೊಡಗುತ್ತಿದ್ದವು. ಎರಡನೆಯ ಸಲ ಕಣ್ಣು ಹೋದವರ ಹಾಗೆ.

ಈ ಚಿತ್ರಕ್ಕೆ ಕೈಹಾಕಲು ವಿಭಾಗದಲ್ಲಿ ಯಾರೂ ಒಪ್ಪಿರಲಿಲ್ಲ. ಗಿಣಿ ಕೇಳಿ ಪಡೆದುಕೊಂಡಿದ್ದಳು, ಅದೂ ಅಮ್ಮನಿಗಾಗಿ. ಕಲಾಶಾಲೆಯ ಹುಡುಗಿಯಾಗಿದ್ದಾಗ ಅಮ್ಮ ಇದೇ ಬೆಂಚಿನ ಮೇಲೆ ಕೂತು ಇದನ್ನು ನಕಲು ಮಾಡಲು ಒದ್ದಾಡಿದ್ದಳು. ಆಳೆತ್ತರದ ಚಿತ್ರ, ಕುರ್ಚಿಯಲ್ಲಿ ಕೂತ ಹೆಂಗಸು, ಈಗ ಏನೋ ಹೇಳಿಬಿಡುತ್ತಾಳೆ ಎನ್ನುವಂತೆ ಅರೆತೆರೆದ ಬಾಯಿ. ಆ ಬಾಯಿಯ ಮೇಲೆ ಆಗಲೂ ಕಪ್ಪು ಕಲೆ ಇತ್ತಂತೆ. ಎಷ್ಟು ತೆಗೆದರೂ ಮತ್ತೆ ಕೂಡುವ ಕಲೆ.

ಅಂದು ಬೆಳಿಗ್ಗೆ ಮನೆ ಬಿಡುವಾಗ ಅಮ್ಮ ಎಂದಿನಂತೆ ಮಗಳ ಮುಖ ಸವರಿ, ಕೆನ್ನೆಗೆ ಒಣಗಿ ಅಂಟಿದ್ದ ಪೇಸ್ಟು ಸಿಕ್ಕಿದ್ದೇ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಉಜ್ಜಿ ಒರೆಸಿದ್ದಳು.

"ಥೂ, ಅಮ್ಮಾ! ನಾನೇನು ಒಂದನೇ ಕ್ಲಾಸಾ?"

"ನನಗೆ ನೀನು ಕಡೆಯ ಸಲ ಕಂಡಿದ್ದು ಎಷ್ಟು ದೊಡ್ಡೋಳಾಗಿಯೋ, ಅಷ್ಟೇ ಈಗಲೂ," ಎಂದಿದ್ದಳು ಅಮ್ಮ.

ಸಂಗ್ರಹಾಲಯದ ಬಾಗಿಲಲ್ಲಿ ಬ್ಯಾಗ್ ಇಡುವ ಕೌಂಟರು. ರಜೆಯ ದಿನವೂ ಅಲ್ಲೊಬ್ಬ ಹೆಂಗಸು ಕೂತಿರುತ್ತಿದ್ದಳು. ಸಿಬ್ಬಂದಿಯೆಲ್ಲ ಅವಳನ್ನು ಮೂಕಕ್ಕ ಎನ್ನುತ್ತಿದ್ದರು. ಟೋಕನ್ ಕೊಡುವಾಗ ಮೂಕಕ್ಕ ಗಿಣಿಯ ಏಪ್ರನ್ ಜೇಬಿನ ಹತ್ತಿಕಡ್ಡಿಗಳನ್ನು ನೋಡಿ, ತನ್ನ ಬಾಯಿಯ ಮೇಲೆ ಅಂಗೈ ಒತ್ತಿ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ್ದಳು.

"ಇವರೂ ಮೊದಲು ನಿಮ್ಮ ವಿಭಾಗದಲ್ಲೇ ಇದ್ದಿದ್ದು ಮೇಡಂ," ಎಂದಿದ್ದ ಕಾವಲುಗಾರ. "ಇವರ ಬಾಯಲ್ಲಿ ಒಂದು ಮಾತು ಕೇಳಿದ ದಿನ ಇಡೀ ಬಿಲ್ಡಿಂಗಿಗೆ ಚಹಾ ನನ್ನದು."

"ಹಾಗಾದ್ರೆ ನಿನ್ನ ಸಂಬಳ ಉಳೀತು ಬಿಡಪ್ಪ," ಎಂದು ಗಿಣಿ ಅಮ್ಮನ ಕೈ ಹಿಡಿದು ಮುಂದೆ ನಡೆದಿದ್ದಳು. ದಾರಿಯುದ್ದಕ್ಕೂ ಬಾಯಿ ಮುಚ್ಚಿರಲಿಲ್ಲ. ಕುದುರೆ ಏರಿದ ಸೇನಾಪತಿಯ ಚಿತ್ರವನ್ನು ಬಣ್ಣಿಸುತ್ತ, ಇಬ್ಬರಲ್ಲಿ ಕುದುರೆಯ ಮುಖದಲ್ಲೇ ಬುದ್ಧಿ ಜಾಸ್ತಿ ಕಾಣುತ್ತದೆಂದು ಹೇಳಿದಾಗ ಅಮ್ಮ ಕೋಲಿಗೆ ಆತುಕೊಂಡು ನಕ್ಕಿದ್ದಳು. "ಆಮೇಲೆ?" ಎಂದಿದ್ದಳು.

ಈಗ ಕೋಣೆಯಲ್ಲಿ ಇಬ್ಬರೇ.

ಗಿಣಿ ರಬ್ಬರ್ ಕೈಗವಸು ಹಾಕಿಕೊಂಡು, ತಡೆಹಗ್ಗದ ಒಳಗೆ ಹೋಗಿ, ಬಾಟಲಿ ತೆರೆದಳು. ಮೂಗು ಸುಡುವ ಘಾಟು. ಹತ್ತಿ ಅದ್ದಿ ತುಟಿಯ ಅಂಚಿನಲ್ಲಿ ಉರುಳಿಸಿದಳು. ಕಲೆ ಅಲುಗಲಿಲ್ಲ. ಇನ್ನೊಂದು ಕಡ್ಡಿ. ಮತ್ತೊಂದು. ಮೇಜಿನ ಮೇಲೆ ಬಳಸಿದ ಕಡ್ಡಿಗಳು ಬೆಳ್ಳಗೇ ಬಿದ್ದಿದ್ದವು.

"ಏನು ಕಾಣ್ತಿದೆ?" ಎಂದಳು ಅಮ್ಮ.

"ಮಸಿ. ಕಾಫಿ ಕುಡಿದು ಬಾಯಿ ಒರೆಸ್ಕೊಳ್ಳದವಳ ಹಾಗೆ ಕೂತಿದ್ದಾಳೆ ನಿನ್ನ ರಾಣಿ."

"ಕೆಳಗಿನ ತುಟಿ ಕೆಂಪಾ, ಮಣ್ಣಿನ ಬಣ್ಣಾನಾ ಅಂತ ನೋಡೇ. ಆವತ್ತು ನನಗೆ ಅದೊಂದು ಗೊತ್ತಾಗಲೇ ಇಲ್ಲ." ಅಮ್ಮ ಥಟ್ಟನೆ ಕಿವಿ ಆಲಿಸಿದಳು. "ಗಿಣೀ, ಇಲ್ಲಿ ಇನ್ಯಾರಿದ್ದಾರೆ?"

"ಯಾರೂ ಇಲ್ಲ."

"ಯಾರೋ ಗಂಟಲು ಸರಿಮಾಡ್ಕೊಂಡ ಹಾಗಾಯ್ತು."

"ಎಸಿ ಅಮ್ಮಾ ಅದು. ಇದೂ ನಿನ್ನಷ್ಟೇ ಹಳೇದು."

ಆದರೂ ಗಿಣಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅತ್ತ ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು, ಇತ್ತ ಬಂದು ಕಡ್ಡಿಗಳನ್ನು ಜೋಡಿಸಿದಳು. ಬಾಯಲ್ಲಿ ಸುಮ್ಮಸುಮ್ಮನೆ ನೀರೂರುತ್ತಿತ್ತು. ನುಂಗಿದಷ್ಟೂ ಊರುತ್ತಿತ್ತು. ಅಲ್ಲಿ, ಕಣ್ಣಿನ ಎತ್ತರಕ್ಕೇ, ಆ ಬಾಯಿ ಒಣಗಿ ಸಿಪ್ಪೆಯೆದ್ದ ಹಾಗೆ ಕಾಣುತ್ತಿತ್ತು. ಜ್ವರದವರ ಬಾಯಿಯ ಹಾಗೆ. ಒಂದೇ ಕಡ್ಡಿ. ಅಮ್ಮನಿಗೆ ಒಂದು ಬಣ್ಣ ಹೇಳುವಷ್ಟು. ಹೇಗೂ ಅಮ್ಮನಿಗೆ ಕಾಣುವುದಿಲ್ಲ, ದೊಡ್ಡ ಮೇಡಂ ಇಲ್ಲ.

ಹತ್ತಿಯನ್ನು ನಾಲಿಗೆಯ ಮೇಲೆ ಉರುಳಿಸಿಕೊಂಡಳು. ಕೆಳತುಟಿಗೆ ತಾಗಿಸಿದಳು.

ಕಲೆ ಬಿಡಲಿಲ್ಲ, ಒಳಗೆ ಹೋಯಿತು. ಬಿಸಿ ಮರಳಿನ ಮೇಲೆ ಚೆಲ್ಲಿದ ನೀರಿನ ಹಾಗೆ. ಹತ್ತಿ ಕ್ಷಣದಲ್ಲಿ ಒಣಗಿತು. ಅದರ ಹಿಂದೆಯೇ ಕೆಂಪು ಎದ್ದಿತು. ಹಸಿ ಕೆಂಪು, ಈಗಷ್ಟೇ ಕಚ್ಚಿಕೊಂಡ ತುಟಿಯ ಕೆಂಪು.

"ಅಮ್ಮಾ, ಕೆಂಪು! ಎಂಥ ಕೆಂಪು ಅಂದ್ರೆ..."

ಗಿಣಿಯ ನಾಲಿಗೆಯ ಮೇಲೆ ಬೂದಿಯ ರುಚಿ ಹರಡಿತು. ಏನೋ ತಣ್ಣಗಿನದು ಗಂಟಲಿನಿಂದ ಮೇಲೆದ್ದು, ಹಲ್ಲುಗಳ ನಡುವಿನಿಂದ ನೂಲಿನಂತೆ ಹೊರಗೆಳೆದುಕೊಂಡು ಹೋಯಿತು. ಅವಳ ತುಟಿ ಆಡುತ್ತಲೇ ಇತ್ತು. ಮಾತು ಮಾತ್ರ ಎದುರಿನಿಂದ ಬಂತು.

"...ದಾಳಿಂಬೆ ಒಡೆದಾಗ ಒಳಗಡೆ ಮೊದಲು ಕಾಣುತ್ತಲ್ಲ, ಬೆಳಕು ತಾಗೋಕೆ ಮುಂಚೆ, ಆ ಕೆಂಪು ಅಮ್ಮಾ."

ಗಿಣಿಯ ದನಿಯೇ. ಗಿಣಿಯದೇ ಎಳೆತ, ಗಿಣಿಯದೇ ಗಡಿಬಿಡಿ. ಚಿತ್ರದ ಬಾಯಿ ಅಲುಗಿರಲಿಲ್ಲ.

ಅಮ್ಮನ ಮುಖ ಅರಳಿತು. "ಹೌದಾ! ಎಷ್ಟು ಚೆನ್ನಾಗಿ ಹೇಳ್ದೆ ಇವತ್ತು! ಆಮೇಲೆ?"

ಗಿಣಿ ಕಿರುಚಿದಳು. ಗಾಳಿ ಹೊರಬಂತು, ಸದ್ದು ಬರಲಿಲ್ಲ. ಹಗ್ಗ ಹಾರಿ ಅಮ್ಮನ ಕೈ ಹಿಡಿದಳು. ರಬ್ಬರಿನ ತಣ್ಣನೆಯ ಬೆರಳು, ಘಾಟು ವಾಸನೆ. ಅಮ್ಮ ಹಾವು ತುಳಿದಂತೆ ಕೈ ಕಿತ್ತುಕೊಂಡಳು.

"ಯಾರದು? ಗಿಣೀ, ಯಾರೇ ಇದು, ನನ್ನ ಕೈ ಹಿಡೀತಿರೋರು?"

"ಕಸ ಗುಡಿಸೋಕೆ ಬಂದೋರು ಅಮ್ಮಾ," ಎಂದಿತು ದನಿ, ಸಮಾಧಾನವಾಗಿ. "ಅವರಿಗೆ ಮಾತು ಬರಲ್ಲ. ನೀನು ಹೆದರ್ಬೇಡ, ಕೂತ್ಕೋ. ಅವಳ ಕೊರಳಲ್ಲಿ ಏನಿದೆ ಗೊತ್ತಾ?"

ಗಿಣಿ ಅಮ್ಮನ ಕೈಯನ್ನು ತನ್ನ ಮುಖಕ್ಕೆ ಎಳೆದುಕೊಳ್ಳಲು ನೋಡಿದಳು. ಅಮ್ಮ ಕೋಲು ಬೀಸಿದಳು. ಅದು ಮೊಣಕೈಗೆ ಬಡಿಯಿತು. "ದೂರ ನಿಲ್ಲಿ! ನನ್ನ ಮಗಳು ಇಲ್ಲೇ ಇದ್ದಾಳೆ!"

ದೊಡ್ಡ ಮೇಡಂ. ಅವರೊಬ್ಬರಿಗೇ ಗೊತ್ತಿರುವುದು. ಗಿಣಿ ಓಡಿದಳು.

ಓಣಿಯ ದೀಪಗಳು ಅವಳ ಕಾಲಿಗೆ ಒಂದು ಹೆಜ್ಜೆ ತಡವಾಗಿ ಹೊತ್ತುತ್ತಿದ್ದವು. ಅವಳು ಕತ್ತಲೆಗೇ ಓಡುತ್ತಿದ್ದಳು. ಮೆಟ್ಟಿಲ ತಿರುವಿನಲ್ಲಿ ಕೆಳಗಿನಿಂದ ಯಾರೋ ಏರಿ ಬಂದು ಅವಳಿಗೆ ಡಿಕ್ಕಿ ಹೊಡೆದರು. ಮೂಕಕ್ಕ. ಕೆನ್ನೆಯ ಮೇಲೆಲ್ಲ ಕಣ್ಣೀರು, ಬಾಯಿ ನಗುತ್ತಿತ್ತು.

"ಬಂತು," ಎಂದಳು ಮೂಕಕ್ಕ. ತುಕ್ಕು ಹಿಡಿದ ಕೀಲಿನಂಥ ದನಿ. "ನನಗೆ ಬಂತು. ಅಂದರೆ..." ಗಿಣಿಯ ಆಡುವ ತುಟಿ ನೋಡಿ ಅವಳ ನಗು ಸತ್ತಿತು. "ಬೇಡ ಅಂತ ಹೇಳಿದ್ನಲ್ಲಮ್ಮ. ಅದರ ಬಾಯಲ್ಲಿ ಒಂದೇ ದನಿಗೆ ಜಾಗ. ಹೊಸ ಎಂಜಲು ಬಿದ್ದರೆ ಹಳೇದನ್ನ ಉಗುಳಿಬಿಡುತ್ತೆ. ನನ್ನದನ್ನ ಉಗುಳ್ತು, ನಿನ್ನದನ್ನ ತಿಂತು." ಗಿಣಿಯ ಭುಜ ಹಿಡಿದು ಅಲ್ಲಾಡಿಸಿದಳು. "ಅಲ್ಲಿ ಇನ್ಯಾರಾದರೂ ಇದ್ದಾರಾ? ಒಬ್ಬರನ್ನೇ ಬಿಟ್ಟು ಬಂದ್ಯಾ? ಅದಕ್ಕೆ ಹೊಟ್ಟೆ ತುಂಬಲ್ಲ, ತಾಯೀ. ಹೊಸ ದನಿ ಸಿಕ್ಕಿದ ಕೂಡಲೇ ಅದರಲ್ಲೇ ಕರೆಯುತ್ತೆ. ಇನ್ನೊಬ್ಬರನ್ನ ಕರೆಯುತ್ತೆ!"

ಗಿಣಿ ಆಗಲೇ ತಿರುಗಿದ್ದಳು.

ಓಣಿ. ಕತ್ತಲೆ. ದೀಪ. ಕತ್ತಲೆ. ಸೇನಾಪತಿಯ ಕುದುರೆ. ಒಂದು ಚಪ್ಪಲಿ ಕಳಚಿ ಹಿಂದೆ ಉಳಿಯಿತು. ದೂರದಲ್ಲಿ ತನ್ನದೇ ದನಿ ನಗುತ್ತಿತ್ತು.

"...ಅಮ್ಮಾ, ಇಲ್ಲಿ ಬಾರೇ ಸ್ವಲ್ಪ. ಹಗ್ಗ ಇದೆ, ಕಾಲೆತ್ತು. ಹಾಂ. ಇನ್ನೊಂದು ಹೆಜ್ಜೆ."

"ಏನಾಯ್ತೇ?"

"ನನ್ನ ಬಾಯಿ ಪಕ್ಕ ಏನೋ ಅಂಟಿದೆ. ಕಪ್ಪಗೆ. ನನ್ನ ಕೈಗೆಲ್ಲ ದ್ರವ, ಮುಟ್ಟೋ ಹಾಗಿಲ್ಲ."

"ದೊಡ್ಡೋಳಾದ್ಲಂತೆ ಇವಳು," ಎಂದು ಅಮ್ಮ ನಕ್ಕಳು.

ಗಿಣಿ ಬಾಗಿಲಿಗೆ ಬಂದಳು. ಅಮ್ಮ ಚಿತ್ರದ ಮುಂದೆ ನಿಂತಿದ್ದಳು. ಹೆಬ್ಬೆರಳು ನಾಲಿಗೆಯ ಮೇಲಿತ್ತು. ಬೇಡ. ಗಂಟಲು ಹರಿಯುವ ಹಾಗೆ ಕೂಗಿದಳು. ಸದ್ದಿಲ್ಲ. ಓಡಿದಳು. ಮೇಜು ತಾಗಿತು. ಬಾಟಲಿ ಉರುಳಿ ಒಡೆಯಿತು. ಅಮ್ಮ ತಿರುಗಲಿಲ್ಲ. ಕೈ ಮೇಲೆದ್ದಿತು. ಮೆತ್ತಗೆ, ಬೆಳಿಗ್ಗೆ ಮಗಳ ಕೆನ್ನೆಗೆ ಎದ್ದಷ್ಟೇ ಮೆತ್ತಗೆ. ಗಿಣಿ ಜಿಗಿದಳು. ಸೆರಗಿನ ತುದಿ ಸಿಕ್ಕಿತು. ಎಳೆದಳು. ಹೆಬ್ಬೆರಳು ತಾಗಿತ್ತು.

"ಅಮ್ಮಾ!"

ಕೋಣೆ ಝಲ್ಲೆಂದಿತು. ತನ್ನ ಗಂಟಲಿನಿಂದಲೇ ಬಂದ ಕೂಗು. ಗಿಣಿ ತನ್ನ ಕೊರಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಅಮ್ಮಾ, ಅಮ್ಮಾ, ನಾನು, ನಾನು ಇಲ್ಲಿ..."

ಅಮ್ಮ ತಿರುಗಿದಳು. ಮುಖದ ಮೇಲೆ ನಗು ಇನ್ನೂ ಹಾಗೆಯೇ ಇತ್ತು. ದನಿ ಹಿಂದಿನಿಂದ ಬಂದದ್ದೇಕೆಂದು ಕೇಳಲು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಹೆಬ್ಬೆರಳ ತುದಿಯಲ್ಲಿ ಒಂದಿಷ್ಟು ಕಪ್ಪು. ಅದನ್ನು ಮೂಸಿ ನೋಡಿದಳು. ಆಮೇಲೆ ಆ ಬೆರಳುಗಳು ಗಾಳಿಯಲ್ಲಿ ಹುಡುಕತೊಡಗಿದವು.

ಚಿತ್ರದ ಎರಡು ತುಟಿಯೂ ಈಗ ಶುಚಿಯಾಗಿದ್ದವು. ಕೆಂಪಗೆ, ಒದ್ದೆಯಾಗಿ.

ಮೂಕಕ್ಕ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಕಾವಲುಗಾರ ಚಹಾದ ಮಾತು ಎತ್ತಲಿಲ್ಲ. ದೊಡ್ಡ ಮೇಡಂ ಒಡೆದ ಗಾಜನ್ನು ತಾವೇ ಬಾಗಿ ಗುಡಿಸಿದರು. ಗಿಣಿಯ ಮುಖವನ್ನು ಅಂದಿನಿಂದ ಅವರು ನೆಟ್ಟಗೆ ನೋಡಿದ್ದಿಲ್ಲ. ಚಿತ್ರವನ್ನು ಮತ್ತೆ ಜನರಿಗೆ ತೆರೆದಿಟ್ಟರು. ಆ ತುಟಿಯ ಬಣ್ಣವನ್ನು ನೋಡಿದವರೆಲ್ಲ ಹೊಗಳಿದರು.

ಗಿಣಿ ಈಗಲೂ ಅಮ್ಮನಿಗೆ ಎಲ್ಲವನ್ನೂ ಹೇಳುತ್ತಾಳೆ: ಬಸ್ಸಿನ ಕಿಟಕಿ, ಎದುರುಮನೆಯ ಪರದೆ, ತಟ್ಟೆಯಲ್ಲಿ ಯಾವುದು ಎಲ್ಲಿ. ಅಮ್ಮ ಅವಳ ಅಂಗೈ ಒತ್ತುತ್ತಾಳೆ. ಆಮೇಲೆ ಎಂದರ್ಥ. ಒಮ್ಮೆ ಗಿಣಿ ಅಳುತ್ತ, ನಾಳೆ ಹೋಗಿ ನಾನೇ ಮತ್ತೆ ಎಂಜಲು ಕೊಟ್ಟುಬಿಡ್ತೀನಿ, ನಿನ್ನದು ನಿನಗೆ ಬಂದುಬಿಡುತ್ತೆ ಎಂದಾಗ, ಅಮ್ಮ ಮಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನಿದ್ದೆ ಬರುವವರೆಗೂ ತೆಗೆಯಲಿಲ್ಲ. ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ದನಿ. ಅಮ್ಮ ತನ್ನ ಕಣ್ಣನ್ನು ಆರಿಸಿಕೊಂಡಿದ್ದಳು. ಅಥವಾ ಮಗಳನ್ನು. ಕೇಳಿದರೆ ಹೇಳುವ ಹಾಗಿರಲಿಲ್ಲ.

ಆದರೂ ರಜೆಯ ದಿನ ಬಂತೆಂದರೆ ಗಿಣಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಲು ಆ ಕೋಣೆಗೇ ಎಳೆಯುತ್ತದೆ. ಹಗ್ಗದಿಂದ ದೂರ, ಗೋಡೆಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿಕೊಂಡು ನಿಲ್ಲುತ್ತಾಳೆ. ಬಾಯಲ್ಲಿ ನೀರೂರುತ್ತದೆ, ನುಂಗುತ್ತಾಳೆ. ಅಲ್ಲಾಡದೆ ನಿಂತು ನಿಂತು ದೀಪ ಆರುತ್ತದೆ. ಅಮ್ಮನ ದನಿ ಕೇಳಲು ಈ ಲೋಕದಲ್ಲಿ ಅವಳಿಗೆ ಉಳಿದಿರುವುದು ಅದೊಂದೇ ಜಾಗ.

"ಗಿಣೀ," ಎನ್ನುತ್ತದೆ ಕತ್ತಲೆ. ಅದೇ ಅಕ್ಕರೆ, ಅದೇ ಸಣ್ಣ ಕೆಮ್ಮು. "ಆಮೇಲೆ?"

ಅವಳು ಬಾಯಲ್ಲಿ ಊರಿದ್ದನ್ನು ಮತ್ತೆ ನುಂಗುತ್ತಾಳೆ.

"ಕೆನ್ನೆ ಮೇಲೆ ಏನೋ ಅಂಟಿದೆ ಕಣೇ. ಹತ್ತಿರ ಬಾ, ಒರೆಸ್ತೀನಿ."

ತಲೆಯ ಮೇಲಿನ ದೀಪ ಫಕ್ಕನೆ ಹೊತ್ತಿಕೊಂಡಾಗಲೇ ಗಿಣಿಗೆ ಗೊತ್ತಾಗುವುದು, ತಾನು ಒಂದು ಹೆಜ್ಜೆ ಮುಂದಿಟ್ಟಿದ್ದೇನೆಂದು.